ಹಿಂಜರಿಯದ ನಾಯಕ

ಚಿತ್ರಕತೆ ಬರೆಯುವ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಸಿನಿಮಾದವರ ಬಾಯಲ್ಲಿ ಅವಳು ಗುಹೆ ಅಕ್ಕ. ಯಾರು ಯಾವ ಕತೆ ಹೊತ್ತು ತಂದರೂ, ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿಮ್ಮ ನಾಯಕ ಗುಹೆಗೆ ಹೋಗುವುದು ಯಾವಾಗ? ಪ್ರೇಮಕತೆಗೂ ಗುಹೆ ಬೇಕು, ಪೊಲೀಸ್ ಕತೆಗೂ ಗುಹೆ ಬೇಕು. ಒಮ್ಮೆ ಬಟ್ಟೆ ಸೋಪಿನ ಜಾಹೀರಾತು ಬರೆಯಲು ಕರೆದಾಗ, ಅಂಗಿಯೇ ನಾಯಕ, ಕಲೆಯೇ ರಾಕ್ಷಸ, ಬಕೆಟ್ಟೇ ಗುಹೆ ಎಂದು ಅರ್ಧ ದಿನ ವಾದಿಸಿ ಬಂದಿದ್ದಳಂತೆ. ಆ ಸೋಪು ಚೆನ್ನಾಗಿ ಮಾರಾಟವಾಯಿತು ಎಂಬುದೂ ನಿಜ. ಹಾಗಾಗಿ ಅವಳ ಎದುರಿಗೆ ಯಾರೂ ನಗುತ್ತಿರಲಿಲ್ಲ.

ಮೋಟಾರ್ ವೈಂಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆ ಅವಳ ಆಫೀಸು. ಕೆಳಗಿನಿಂದ ವಾರ್ನಿಶ್ ವಾಸನೆ ಮೇಲೇರಿ ಬರುತ್ತಿತ್ತು. ಬಂದವರು ಮೂಗು ಮುಚ್ಚಿಕೊಂಡರೂ ಅವಳಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಒಂದು ಗೋಡೆಯ ತುಂಬ ಗುಂಡುಸೂಜಿ ಚುಚ್ಚಿದ ಬಣ್ಣದ ಕಾರ್ಡುಗಳು. ಲೋಕದ ಪುರಾಣಗಳನ್ನೆಲ್ಲ ಕಡೆದರೆ ಬರುವ ಬೆಣ್ಣೆ ಒಂದೇ ಎಂಬುದು ಅವಳ ನಂಬಿಕೆ. ನಾಯಕ ತನ್ನ ಪಾಡಿಗೆ ತಾನು ಮನೆಯಲ್ಲಿರುತ್ತಾನೆ. ಎಲ್ಲಿಂದಲೋ ಕರೆ ಬರುತ್ತದೆ. ಅವನು ಒಲ್ಲೆ ಅನ್ನುತ್ತಾನೆ. ಒಬ್ಬ ಹಿರಿಯ ಸಿಕ್ಕಿ ಬುದ್ಧಿ ಹೇಳುತ್ತಾನೆ. ಆಮೇಲೆ ಹೊಸ್ತಿಲು ದಾಟಿ, ಗುಹೆ ಹೊಕ್ಕು, ಸತ್ತಂತಾಗಿ, ಬದುಕಿ, ಊರಿಗೆ ಬೇಕಾದದ್ದನ್ನು ಕೈಯಲ್ಲಿ ಹಿಡಿದು ವಾಪಸು ಬರುತ್ತಾನೆ. ದೇವರ ಕತೆಯೂ ಇದೇ, ದರೋಡೆಕೋರನ ಕತೆಯೂ ಇದೇ. ಇವುಗಳಲ್ಲಿ ಆ ‘ಒಲ್ಲೆ’ ಅವಳಿಗೆ ಎಲ್ಲಕ್ಕಿಂತ ಪ್ರಿಯ. ಕರೆದ ಕೂಡಲೇ ಎದ್ದು ಹೋಗುವವನು ಬೊಂಬೆ, ಒಂದು ಸಲ ಹೆದರಿ ಹಿಂದೆ ಸರಿದು ಆಮೇಲೆ ಹೋಗುವವನು ಮನುಷ್ಯ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಅವಳಿಗೆ ಬೀದಿಯಲ್ಲಿ ಹೋಗುವ ಹಾಲಿನವನೂ ಗುಹೆಯ ಕಡೆಗೇ ಹೊರಟವನಂತೆ ಕಾಣುತ್ತಿದ್ದ.

ಬೈಯುವ ಮೊದಲು ಅವಳ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಅಚ್ಚು ಕೈಗೆ ಸಿಗುವ ತನಕ ಅವಳು ಪಟ್ಟದ್ದು ನಾಯಿಪಾಡು. ಬರೆದದ್ದನ್ನು ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಚೆನ್ನಾಗಿದೆ, ಆದರೆ ಏನೋ ಇಲ್ಲ ಅನ್ನುವರು. ಆ ‘ಏನೋ’ ಯಾವುದೆಂದು ಒಬ್ಬರೂ ಹೇಳರು. ಹೊರಗಿನಿಂದ ಬಂದ ಮೇಷ್ಟ್ರೊಬ್ಬರ ಶಿಬಿರದಲ್ಲಿ ಕೂತು ಪುರಾಣದ ಈ ಅಚ್ಚು ಕಲಿತು, ತಿರಸ್ಕೃತವಾಗಿದ್ದ ಕತೆಯೊಂದನ್ನು ಅದರೊಳಗೆ ಸುರಿದು ಕೊಟ್ಟಳು ನೋಡಿ, ಅದು ಸಿನಿಮಾ ಆಯಿತು, ಓಡಿಯೂ ಓಡಿತು. ಮುಳುಗುತ್ತಿದ್ದವಳಿಗೆ ಸಿಕ್ಕಿದ್ದು ಹುಲ್ಲುಕಡ್ಡಿಯಲ್ಲ, ದೋಣಿ. ದಡ ಸೇರಿದ ಮೇಲೂ ದೋಣಿಯನ್ನು ತಲೆಯ ಮೇಲೆ ಹೊತ್ತು ತಿರುಗಿದಳು, ಅಷ್ಟೇ ಅವಳ ತಪ್ಪು. ಆದರೆ ಒಂದು ಮನೆ ಕೆಡಲು ಅಷ್ಟು ತಪ್ಪೇ ಸಾಕಾಯಿತು.

ಅವಳಿಗೆ ಇದ್ದವನು ಒಬ್ಬ ತಮ್ಮ. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಉಣ್ಣಿಸಿದ್ದು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದ್ದು, ಶಾಲೆಗೆ ದಬ್ಬಿದ್ದು ಎಲ್ಲ ಅಕ್ಕನೇ. ಓದು ತಲೆಗೆ ಹತ್ತಲಿಲ್ಲ; ಯಂತ್ರ ಹತ್ತಿತು. ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಆಪರೇಟರ್ ಆದ. ಮದುವೆಯಾಯಿತು, ಒಬ್ಬ ಮಗಳು ಹುಟ್ಟಿದಳು. ಮಾತು ಕಡಿಮೆ, ಜಗಳ ಇಲ್ಲವೇ ಇಲ್ಲ. ಅಕ್ಕ ಅಂದರೆ ಅವನಿಗೆ ಅಮ್ಮನೂ ಅವಳೇ, ಅಪ್ಪನೂ ಅವಳೇ.

ಒಂದು ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಅಮೋನಿಯದ ಪೈಪಿನ ವಾಲ್ವ್ ಒಡೆಯಿತು. ಐಸ್ ಮಾಡುವ ಯಂತ್ರದೊಳಗೆ ಓಡುವ ಅನಿಲ ಅದು. ಪೈಪಿನೊಳಗಿರುವಷ್ಟು ಹೊತ್ತು ಸಾಧು, ಹೊರಗೆ ಬಂದರೆ ಕಣ್ಣು, ಗಂಟಲು, ಎದೆ ಎಲ್ಲವನ್ನೂ ಸುಡುವ ಮಾರಿ. ಎಲ್ಲರೂ ಹೊರಗೆ ಓಡಿದರು. ಊಟ ಮುಗಿಸಿ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ತಮ್ಮ, ಹೆಗಲ ಮೇಲಿದ್ದ ಟವೆಲನ್ನು ಅದೇ ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದ. ಒಬ್ಬನನ್ನು ಎಳೆದು ತಂದ. ಮತ್ತೆ ಹೋಗಿ ಇನ್ನೊಬ್ಬನನ್ನು ಹೊತ್ತು ತಂದ. ಇನ್ನೊಮ್ಮೆ ಹೋಗಲು ತಿರುಗಿದವನು ಬಾಗಿಲಲ್ಲೇ ಕುಸಿದು ಬಿದ್ದ. ಒಳಗೆ, ಐಸ್ ಹೆಪ್ಪುಗಟ್ಟಿಸುವ ಉಪ್ಪುನೀರಿನ ತೊಟ್ಟಿಯ ಆಚೆ ಉಳಿದಿದ್ದವನು ಸಿಳ್ಳೆ. ಕೆಲಸ ಮಾಡುವಾಗೆಲ್ಲ ಸಿಳ್ಳೆ ಹಾಕುತ್ತಿದ್ದನೆಂದು ಆ ಹೆಸರು. ಮದುವೆಯಾಗದ ಹುಡುಗ, ತಾಯಿಗೆ ಒಬ್ಬನೇ ಮಗ. ಅವನು ಉಳಿಯಲಿಲ್ಲ.

ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಅಕ್ಕ ಕೇಳಿದ್ದಳು, ಒಳಗೆ ನುಗ್ಗುವಾಗ ತಲೆಯಲ್ಲಿ ಏನಿತ್ತು ಎಂದು. ಏನೂ ಇರಲಿಲ್ಲ, ಹೋದೆ ಅಷ್ಟೇ ಅಂದ. ಹೆದರಿಕೆಯಾಗಲಿಲ್ಲವೇ ಅಂದರೆ, ಆಯಿತು, ಆದರೆ ಆಮೇಲೆ, ಇಲ್ಲಿ ಮಲಗಿದ ಮೇಲೆ ಅಂದ. ಎಷ್ಟು ಕೆದಕಿದರೂ ಅದಕ್ಕಿಂತ ಹೆಚ್ಚು ಹೊರಡಲಿಲ್ಲ.

ಸಿಳ್ಳೆಯ ತಾಯಿ ಮನೆಯ ಮುಂಗೋಣೆಯಲ್ಲಿ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಹೆಂಗಸು. ಆಸ್ಪತ್ರೆಯಿಂದ ಬಂದ ತಮ್ಮ ಮೊದಲು ಹೋದದ್ದು ಆಕೆಯ ಮನೆಗೆ. ಬಾಗಿಲಲ್ಲಿ ನಿಂತು ಗಳಗಳ ಅತ್ತನಂತೆ. ಆಕೆ ಕೈಹಿಡಿದು ಒಳಗೆ ಕೂರಿಸಿ, “ನಿನ್ನ ಕೈಲಾದ್ದನ್ನೆಲ್ಲ ನೀನು ಮಾಡ್ದೆ ಮಗ, ಇನ್ನು ಅಳ್ಬೇಡ” ಅಂದಳು. ಆ ಒಂದು ಮಾತಿನ ಬಲದ ಮೇಲೆ ಅವನು ಎದ್ದು ನಿಂತ. ಅಲ್ಲಿಯ ತನಕ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಮಿಷನ್ನಿಗೆ ಎಣ್ಣೆ ಬಿಡುವುದು, ಬೆಲ್ಟ್ ಬಿಗಿ ಮಾಡುವುದು, ಚಹಾ ಕುಡಿದು ಬರುವುದು ರೂಢಿಯಾಯಿತು. ಆ ಬಾಗಿಲು ತೆರೆದಿರುವಷ್ಟು ಕಾಲ ತಮ್ಮ ನೆಟ್ಟಗಿರುತ್ತಾನೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಈ ಸಂಗತಿ ಒಬ್ಬ ನಿರ್ದೇಶಕನ ಕಿವಿಗೆ ಬಿತ್ತು. ಇದನ್ನೇ ಸಿನಿಮಾ ಮಾಡೋಣ ಅಂದ. ತಮ್ಮ ಮೊದಲು ಬೇಡವೆಂದ. ಅಕ್ಕನಿಗೆ ಆಸೆಯಿದೆ ಎಂದು ತಿಳಿದ ಮೇಲೆ ಒಪ್ಪಿದ. ಸಿಳ್ಳೆಯ ಬಗ್ಗೆ ಹಗುರವಾಗಿ ಏನೂ ಬರೆಯಬೇಡ, ಅವನ ಅಮ್ಮ ನೋಡುತ್ತಾರೆ ಎಂದಷ್ಟೇ ಕೇಳಿಕೊಂಡ. ಅಕ್ಕ ಆಣೆ ಇಟ್ಟು ಒಪ್ಪಿಕೊಂಡಳು, ಆ ಮಾತನ್ನು ಅಕ್ಷರಕ್ಕೆ ಅಕ್ಷರ ಉಳಿಸಿಕೊಂಡಳು ಕೂಡ. ಸಿನಿಮಾದಲ್ಲಿ ಸಿಳ್ಳೆಯ ಪಾತ್ರದ ಬಗ್ಗೆ ಒಂದು ಕೆಟ್ಟ ಮಾತಿಲ್ಲ.

ಗೋಡೆಯ ಮೇಲೆ ಕಾರ್ಡುಗಳು ತಾವಾಗಿಯೇ ತುಂಬಿಕೊಂಡವು. ಮನೆ ಇದೆ, ಕರೆ ಇದೆ, ಗುಹೆಯಂತೂ ಹೊಗೆ ಸಮೇತ ಇದೆ, ಸಾವೂ ಇದೆ. ‘ಒಲ್ಲೆ’ ಎಂದು ಬರೆದ ಕಾರ್ಡಿನ ಕೆಳಗೆ ಮಾತ್ರ ಖಾಲಿ. ನಾಯಕ ಹಿಂಜರಿಯುವುದೇ ಇಲ್ಲ. ಇದ್ದದ್ದು ಇದ್ದಹಾಗೇ ಇರಲಿ, ನುಗ್ಗಿದ ಅಂತಲೇ ತೋರಿಸೋಣ ಎಂದು ನಿರ್ದೇಶಕ ಅಂದ. ಕೂಡದು ಅಂದವಳು ಗುಹೆ ಅಕ್ಕನೇ. ಹೆದರದವನನ್ನು ಜನ ಮೆಚ್ಚುತ್ತಾರೆ, ಪ್ರೀತಿಸುವುದಿಲ್ಲ ಎಂದು ವಾದ ಮಾಡಿದಳು. ತನ್ನ ತಮ್ಮನನ್ನು ಜನ ಪ್ರೀತಿಸಬೇಕು ಎಂಬುದೇ ಅವಳ ಮನಸ್ಸಿನಲ್ಲಿದ್ದದ್ದು, ಅದರಲ್ಲಿ ಕಪಟವಿರಲಿಲ್ಲ.

ಬರೆದಳು. ನಾಯಕ ಎಲ್ಲರ ಜೊತೆ ಗೇಟಿನ ತನಕ ಓಡಿ ಬರುತ್ತಾನೆ. ಗೇಟಿನ ಕಂಬಿ ಹಿಡಿದು ನಿಲ್ಲುತ್ತಾನೆ. ಒಳಗಿನಿಂದ ಕೂಗು ಕೇಳುತ್ತದೆ; ಅವನ ಕಣ್ಣ ಮುಂದೆ ಮಗಳ ಮುಖ. ಮನೆಯ ದಾರಿ ಹಿಡಿಯುತ್ತಾನೆ. ಆಗ ಮುದಿ ವಾಚ್‌ಮನ್ ಅವನನ್ನು ತಡೆದು, ಓಡಿದರೆ ಜೀವ ಉಳಿಯುತ್ತದೆ, ಆದರೆ ನಾಳೆ ಮಗಳ ಮುಖ ಹೇಗೆ ನೋಡುತ್ತೀ ಅನ್ನುತ್ತಾನೆ. ನಾಯಕ ತಿರುಗಿ ಒಳಗೆ ಹೋಗುತ್ತಾನೆ. ಇಬ್ಬರು ಬದುಕುತ್ತಾರೆ. ನಿಂತಷ್ಟು ಹೊತ್ತು ತಡವಾದ್ದರಿಂದ ಮೂರನೆಯವನು ಸಿಗುವುದಿಲ್ಲ. ಆ ನೋವನ್ನು ಹೊತ್ತು ಅವನು ಉಳಿದ ಕತೆಯುದ್ದಕ್ಕೂ ಬದುಕುತ್ತಾನೆ. ಬರೆದು ಮುಗಿಸಿ ಅವಳು ಸಂತೋಷಕ್ಕೆ ಅತ್ತಳು. ತನ್ನ ಜನ್ಮದಲ್ಲಿ ಇಷ್ಟು ಚೆನ್ನಾದ ದೃಶ್ಯ ಬರೆದಿರಲಿಲ್ಲ. ತಮ್ಮನಿಗೆ ಓದಲು ಕೊಟ್ಟರೆ ಅವನು ತಿರುವಿಯೂ ನೋಡಲಿಲ್ಲ. ನೀನು ಬರೆದ ಮೇಲೆ ಸರಿಯಾಗೇ ಇರುತ್ತೆ ಬಿಡು ಅಂದ.

ಸಿನಿಮಾ ಗೆದ್ದಿತು. ಕೊನೆಯಲ್ಲಿ ಇದು ನಡೆದ ಘಟನೆ ಎಂದು ಹಾಕಿ, ತಮ್ಮನ ನಿಜವಾದ ಫೋಟೋ ತೋರಿಸಿದರು. ಆ ಫೋಟೋ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೊದಲ ದಿನ ಅಕ್ಕನ ಪಕ್ಕದಲ್ಲೇ ಕೂತು ನೋಡಿದ ತಮ್ಮ, ಗೇಟಿನ ದೃಶ್ಯ ಬಂದಾಗ ಒಮ್ಮೆ ಅವಳ ಕಡೆ ತಿರುಗಿದ. ಅವಳು ಜನರ ಮುಖ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಹೇಗಿದೆಯೋ ಎಂದು ಕೇಳಿದ್ದಕ್ಕೆ ಚೆನ್ನಾಗಿದೆ ಅಕ್ಕ ಅಂದ, ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ.

ಫ್ಯಾಕ್ಟರಿಯಲ್ಲಿ ಮೊದಲು ಶುರುವಾದದ್ದು ತಮಾಷೆ. ಮನೆ ಕಡೆ ಹೊರಟಿದ್ದವನನ್ನು ವಾಚ್‌ಮನ್ ಹಿಡಿದು ತಂದನಂತಲ್ಲ ಎಂದು ಹೊಸದಾಗಿ ಸೇರಿದವರು ಛೇಡಿಸಿದರು. ಹಳಬರಿಗೆ ನಿಜ ಗೊತ್ತಿರಬೇಕಿತ್ತು. ಆದರೆ ಅವತ್ತು ಅವರೆಲ್ಲ ಕಣ್ಣುರಿಯಲ್ಲಿ ಓಡಿದವರು. ಯಾರು ಎಲ್ಲಿದ್ದರು ಎಂದು ನೋಡಿದವರು ಯಾರು? ಮೇಲಾಗಿ, ತಾವು ಓಡಿದ್ದರಲ್ಲಿ ಅವನೂ ಒಂದಷ್ಟು ದೂರ ಜೊತೆಗಿದ್ದ ಎಂಬುದು ಅವರಿಗೆ ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿರಬೇಕು. ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಸಿಳ್ಳೆಯ ತಾಯಿಯನ್ನು ತಂಗಿಯ ಮಗಳು ಥಿಯೇಟರಿಗೆ ಕರೆದುಕೊಂಡು ಹೋದಳು. ಅದರ ಮುಂದಿನ ಭಾನುವಾರ ತಮ್ಮ ಎಂದಿನಂತೆ ಹೋಗಿ ಮಿಷನ್ನಿನ ಮುಂದೆ ಕೂತ. ಆಕೆ ಚಹಾ ತರಲಿಲ್ಲ. ಎದುರಿಗೆ ಕೂತು, ದನಿ ಏರಿಸದೆ ಕೇಳಿದಳಂತೆ:

“ಗೇಟಿನ ಹತ್ರ ಎಷ್ಟ್ ಹೊತ್ತು ನಿಂತಿದ್ದೆ ಮಗ?”

 ತಮ್ಮ ಎಣ್ಣೆಯ ಡಬ್ಬಿ ಕೆಳಗಿಟ್ಟು ಎದ್ದು ಬಂದ. ಮನೆಗೆ ಬಂದವನು ಉಣ್ಣಲಿಲ್ಲ. ನಡೆದದ್ದನ್ನು ಹೇಳಲು ಅವನ ಹೆಂಡತಿ ಅಕ್ಕನಿಗೆ ಫೋನ್ ಮಾಡಿದಾಗ ದನಿಯಲ್ಲಿ ಸಿಟ್ಟಿತ್ತು. ಅತ್ತಿಗೆ, ನೀವು ಕಟ್ಟಿದ್ದನ್ನ ನೀವೇ ಬಂದು ಬಿಚ್ಚಿ ಅಂದಳು. 

ಅಕ್ಕ ಮಾರನೆಯ ದಿನವೇ ಸಿಳ್ಳೆಯ ತಾಯಿಯ ಮನೆಗೆ ಹೋದಳು. ಆಕೆ ಕುರ್ಚಿ ಕೊಟ್ಟಳು, ಕೈಯಲ್ಲಿದ್ದ ಕಾಲರಿನ ಹೊಲಿಗೆ ನಿಲ್ಲಿಸಲಿಲ್ಲ. ಗುಹೆ ಅಕ್ಕ ಇದ್ದದ್ದನ್ನೆಲ್ಲ ಹೇಳಿದಳು. ಆ ದೃಶ್ಯ ತಾನು ಕಟ್ಟಿದ್ದು, ತಮ್ಮ ಗೇಟಿನ ಕಡೆಗೆ ಹೆಜ್ಜೆಯನ್ನೇ ಇಟ್ಟಿರಲಿಲ್ಲ, ನಲ್ಲಿಯಿಂದ ನೆಟ್ಟಗೆ ಒಳಗೆ ಹೋದ. ಹಾಗಾದರೆ ಯಾಕೆ ಕಟ್ಟಿದೆ ಎಂದು ಆಕೆ ಕೇಳಿದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ಶಿಬಿರಗಳಲ್ಲಿ ತಾನೇ ಹೇಳಿದ ಪಾಠ ಅದು. ಲೋಕದ ಎಲ್ಲ ಪುರಾಣಗಳಲ್ಲೂ ವೀರನಾದವನು ಮೊದಲು ಒಲ್ಲೆ ಅನ್ನುತ್ತಾನೆ, ಹೆದರಿ ನಿಲ್ಲುತ್ತಾನೆ, ಮನುಷ್ಯನ ಸ್ವಭಾವವೇ ಅದು, ಹಾಗಿದ್ದರೇ ಜನ ನಂಬುವುದು ಎಂದು ಬಿಡಿಸಿ ಬಿಡಿಸಿ ವಿವರಿಸಿದಳು. ಹೇಳುತ್ತ ಹೇಳುತ್ತ ದನಿಗೆ ಹುರುಪೂ ಬಂದಿತು, ಪಾಪ.

ಆಕೆಯ ಕಾಲು ಪೆಡಲಿನ ಮೇಲೆ ನಿಂತಿತು.

“ಎಲ್ರೂ ನಿಲ್ತಾರೆ ಅಂತ ನೀನೇ ಹೇಳ್ತಿದ್ದೀಯ ತಾಯಿ. ದೊಡ್ಡ ದೊಡ್ಡವರೇ ನಿಂತಿದ್ದಾರೆ ಅಂತೀಯ. ಹಾಗಿದ್ಮೇಲೆ ನಿನ್ನ ತಮ್ಮ ಒಬ್ಬ ನಿಲ್ಲಲಿಲ್ಲ ಅಂತ ನಾನು ಹೇಗೆ ನಂಬ್ಲಿ?”

ಗುಹೆ ಅಕ್ಕನಿಗೆ ಕೂತ ಕುರ್ಚಿ ಜಾರಿದಂತಾಯಿತು.  ಸಿಳ್ಳೆಯ ತಾಯಿಗೆ ಅವಳ ಮೇಲೆ ಕೋಪವಿರಲಿಲ್ಲ. ಅಕ್ಕ ಅಂದ ಮೇಲೆ ತಮ್ಮನನ್ನು ಬಿಟ್ಟುಕೊಡಲಿಕ್ಕಾಗುತ್ತದೆಯೇ, ನಾನಾದರೂ ಹೀಗೇ ಬರುತ್ತಿದ್ದೆ ಎಂದು ಸಮಾಧಾನವನ್ನೇ ಹೇಳಿ, ಮತ್ತೆ ಕಾಲರಿಗೆ ತಲೆ ಬಗ್ಗಿಸಿದಳು.

ಸಾಕ್ಷಿ ಬೇಕು ಎಂದು ಅವಳಿಗೆ ಅನ್ನಿಸಿತು. ತಮ್ಮ ಹೊರಗೆ ತಂದ ಇಬ್ಬರಿಗೆ ಅವತ್ತು ಎಚ್ಚರವೇ ಇರಲಿಲ್ಲ; ಸಾಕ್ಷಿ ಇದ್ದವನು ಒಬ್ಬನೇ, ಫ್ಯಾಕ್ಟರಿಯ ನಿಜವಾದ ವಾಚ್‌ಮನ್. ಅವತ್ತು ಗೇಟಿನಲ್ಲಿದ್ದವನು ಅವನು. ತಮ್ಮ ಗೇಟಿಗೆ ಬರಲೇ ಇಲ್ಲ ಎಂದು ಅವನೊಬ್ಬ ಬಂದು ಹೇಳಿದರೆ ಮುಗಿಯಿತು. ಹೋಗಿ ನೋಡಿದರೆ ಮುದುಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆಗೆ ಕಪ್ಪು ಹಚ್ಚಿಕೊಂಡು ಕೂತಿದ್ದಾನೆ. ಸಿನಿಮಾ ಬಂದ ಮೇಲೆ ಅವನ ನಸೀಬೇ ಖುಲಾಯಿಸಿತ್ತು. ಬಂದು ಹೋಗುವವರು ಫೋಟೋ ತೆಗೆಸಿಕೊಳ್ಳುತ್ತಾರೆ, ಎದುರಿನ ಅಂಗಡಿಯವನು ಚಹಾಕ್ಕೆ ದುಡ್ಡು ಕೇಳುವುದಿಲ್ಲ, ಮಾತು ಬಿಟ್ಟಿದ್ದ ಮಗ ಹೆಂಡತಿಯ ಜೊತೆ ಬಂದು ಮಾತಾಡಿಸಿ ಹೋದನಂತೆ. ಇಡೀ ಆಯುಷ್ಯ ಗೇಟು ತೆಗೆದು ಮುಚ್ಚಿದವನಿಗೆ ಈಗ ಜನ ಬುದ್ಧಿವಾದ ಕೇಳಲು ಬರುತ್ತಿದ್ದರು.

ಅವನು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಗಂಟಲು ಸರಿ ಮಾಡಿಕೊಂಡು, ತಾನು ಹೇಳಿದ ಮೇಲೇ ಅಲ್ಲವೇ ನಿಮ್ಮ ತಮ್ಮ ವಾಪಸು ಒಳಗೆ ಹೋದದ್ದು ಅಂದ. ಆ ಮಾತು ತಾನು ಬರೆದದ್ದು ಎಂದು ಅವಳು ಹೇಳಿದಳು. ನೀವು ಬರೆದಿರಬಹುದು ಮೇಡಂ, ಹೇಳಿದ್ದು ನಾನಲ್ಲವೇ ಎಂದು ಅವನು ಸಂಕೋಚವಿಲ್ಲದೆ ನಕ್ಕ. ಸುಳ್ಳು ಹೇಳುತ್ತಿದ್ದಾನೆ ಎಂದು ಅವನ ಮುಖ ನೋಡಿದರೆ ಅನ್ನಿಸುತ್ತಲೇ ಇರಲಿಲ್ಲ, ಅದೇ ಅವಳನ್ನು ಹೆದರಿಸಿದ್ದು. ಬೇಡಿಕೊಂಡಳು, ಗದರಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಅವನ ಬಾಯಿಂದಲೇ ಆ ತಾಯಿಗೆ ಹೇಳಿಸಬೇಕು. ಒಳಗೆ ನುಗ್ಗಿದವನೇ ಎದುರು ಕೂತು ಇದ್ದದ್ದು ಹೀಗೆ ಎಂದರೆ ಯಾವ ತಾಯಿ ನಂಬದೆ ಇದ್ದಾಳು? ವಾರವಿಡೀ ಅವನು ಫೋನ್ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಅವಳೇ ಮನೆಗೆ ಹೋದಳು.

ಬಾಗಿಲು ತೆಗೆದ ತಮ್ಮನ ಹೆಂಡತಿ ಮುಖ ಕೊಟ್ಟು ಮಾತಾಡಲಿಲ್ಲ, ಒಳಗಿದ್ದಾರೆ ಎಂದು ಕೈ ತೋರಿಸಿ ಮಗಳಿಗೆ ಜಡೆ ಹಾಕಲು ಹೋದಳು. ತಮ್ಮ ಮಂಚದ ಅಂಚಿನಲ್ಲಿ ಕೂತಿದ್ದ. ಕೆಲಸಕ್ಕೆ ಹೋಗುವ ಹೊತ್ತು, ಹೋಗುವ ಲಕ್ಷಣವಿರಲಿಲ್ಲ. ಗಡ್ಡ ಬಂದಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಸಿನಿಮಾ ಓಡುತ್ತಿತ್ತು, ಸದ್ದು ತೆಗೆದಿದ್ದ. ಅವತ್ತು ಆ ಅಮ್ಮನ ಮನೆಯಿಂದ ಬಂದಾಗಿನಿಂದ ಅದನ್ನೇ ನೋಡುತ್ತಿದ್ದಾರೆ, ಅದೊಂದು ಜಾಗವನ್ನೇ ಹಿಂದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ ಎಂದು ಒಳಗಿನಿಂದಲೇ ಹೆಂಡತಿಯ ದನಿ ಬಂತು.

ಅಕ್ಕ ಪಕ್ಕದಲ್ಲಿ ಕೂತು, ಏಳು, ಮುಖ ತೊಳೆದುಕೋ, ಇಬ್ಬರೂ ಸಿಳ್ಳೆಯ ಅಮ್ಮನ ಮನೆಗೆ ಹೋಗಿ ಬರೋಣ ಅಂದಳು. ನಿನ್ನೆಯೇ ಹೋಗಿ ಬಂದೆ ಎಂದು ಅವನು ಹೇಳಿದ. ಅವಳಿಗೆ ಎಷ್ಟೋ ದಿನದ ಮೇಲೆ ಉಸಿರು ಬಂದಂತಾಯಿತು. ಏನು ಹೇಳಿದೆ ಎಂದು ಕೇಳಿದಳು.

“ನಿಂತಿದ್ದೆ ಅಂತ ಹೇಳ್ದೆ ಅಕ್ಕ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಫೋನನ್ನು ದಿಂಬಿನ ಮೇಲಿಟ್ಟು ನಿಧಾನಕ್ಕೆ ಹೇಳಿದ. ಮೊದಮೊದಲು ತನಗೂ ಇದು ಸುಳ್ಳು ಅನ್ನಿಸಿತ್ತಂತೆ. ಆ ತಾಯಿ ಕೇಳಿದ ಮೇಲೆ ಕೂತು ಯೋಚಿಸಿದನಂತೆ. ಯೋಚಿಸುತ್ತ ಹೋದಂತೆ ಒಂದೊಂದಾಗಿ ನೆನಪಾಯಿತಂತೆ. ಹಸಿರು ಗೇಟು, ಬಣ್ಣ ಎದ್ದ ಕಂಬಿ, ಅದನ್ನು ಹಿಡಿದು ತಾನು ಒಳಗೆ ನೋಡಿದ್ದು, ಮಗಳು ನೆನಪಾದದ್ದು.

ಅವರ ಫ್ಯಾಕ್ಟರಿಯ ಗೇಟು ಹಸಿರಲ್ಲ. ಎಂದೂ ಹಸಿರಾಗಿರಲಿಲ್ಲ, ಬಣ್ಣವೇ ಕಾಣದ ತುಕ್ಕಿನ ತಗಡು ಅದು. ಚಿತ್ರೀಕರಣ ನಡೆದದ್ದು ಬೇರೆ ಊರಿನ ಮುಚ್ಚಿದ ಕಾರ್ಖಾನೆಯೊಂದರಲ್ಲಿ, ಅಲ್ಲಿನ ಗೇಟಿಗೆ ಹಸಿರು ಬಳಿಸಿದ್ದು ಕಲಾನಿರ್ದೇಶಕ. ಅಕ್ಕ ಅವನ ಎರಡೂ ಭುಜ ಹಿಡಿದು ಇದನ್ನೇ ಹೇಳಿದಳು. ದಿನಾ ಆ ಗೇಟು ದಾಟಿ ಹೋಗುತ್ತೀಯಲ್ಲೋ, ಯಾವ ಹಸಿರು, ಯಾವ ಕಂಬಿ ಎಂದು ಕೇಳಿದಳು. ಅವನು ದಿಂಬಿನ ಮೇಲಿನ ಫೋನಿನ ಕಡೆ ನೋಡಿದ.

“ಬಣ್ಣ ತಪ್ಪಿರ್ಬೋದು. ನಿಂತಿದ್ದು ತಪ್ಪಾಗಕ್ಕೆ ಸಾಧ್ಯ ಇಲ್ಲ.”

ಸಿಳ್ಳೆಯ ಅಮ್ಮ ಏನಂದರು ಎಂದು ಅವಳು ಕೇಳಿದಳು. ಹೇಳಿದ್ದು ಒಳ್ಳೆಯದಾಯಿತು ಅಂದರಂತೆ. ಇನ್ನು ಬರಬೇಡ ಅಂದರಂತೆ. ಬೈಯಲಿಲ್ಲ, ಬಾಗಿಲ ತನಕ ಬಂದು ಕಳಿಸಿದರು ಎಂದು ಅವನು ಅವರ ಪರವಾಗಿ ಹೇಳಿದ. ಜಡೆ ಹಾಕಿಸಿಕೊಂಡ ಮಗಳು ಬಂದು ಅವನ ಮೊಣಕಾಲಿಗೆ ಒರಗಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ, ಮುಖ ಮಾತ್ರ ನೋಡಲಿಲ್ಲ.

“ಒಂದ್ ಮಾತು ಕೇಳ್ತೀನಿ ಅಕ್ಕ. ನಾನು ಯಾರಿಗೂ ಹೇಳಿರ್ಲಿಲ್ಲ. ನಂಗೇ ನೆನಪಿರ್ಲಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?”

ಅವಳು ಅಳುತ್ತ ಹೇಳಿದಳು. “ನಾನು ಕಟ್ಟಿದ್ದು ಕಣೋ. ಕತೆಗೆ ಬೇಕಿತ್ತು ಅಂತ ಕಟ್ಟಿದ್ದು. ನೀನು ನಿಂತಿರ್ಲಿಲ್ಲ. ನೀನು ಒಂದು ಕ್ಷಣಾನೂ ನಿಂತಿರ್ಲಿಲ್ಲ.”

ತಮ್ಮ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಎಷ್ಟು ಮೃದುವಾಗಿ ಹಿಡಿದನೆಂದರೆ, ಈಗ ಸಮಾಧಾನ ಬೇಕಾದವಳು ಅವಳೇ ಎಂಬಂತೆ ಇತ್ತು.

“ಬಿಡು ಅಕ್ಕ. ನನ್ನ ಉಳಿಸೋಕೆ ಅಂತ ನೀನು ಸುಳ್ಳು ಹೇಳ್ಬೇಡ” ಅಂದ.